ತಂದೆಯವರ ಕಾರಿನ ಎಂಜಿನು

ವ್ಯಾಕರಣ ಛಂದಸ್ಸುಗಳಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವನು ಯಂತ್ರದ ವಿಷಯವಾಗಿ ಲೇಖನಿ ಹಿಡಿದುದನ್ನು ಕಂಡು ವಾಚಕರು ಮುಗುಳ್ನಗಬಹುದು. ಆದರೆ ಕಳೆದ ವರ್ಷ ನಮ್ಮ ಮನೆಯಲ್ಲೆದ್ದ ವಾದವೊಂದು ಈ ಶಾಲೆಯ ಪ್ರಯೋಗಶಾಲೆಯ ಉಪಕರಣದಿಂದಲೇ ತೀರಿತಾದ್ದರಿಂದ, ಆ ಋಣವನ್ನು ಇಲ್ಲಿಯೇ ಹೇಳಿಕೊಳ್ಳುವುದು ಉಚಿತವೆನಿಸಿತು.

ತಂದೆಯವರು 1974ರಲ್ಲಿ ಕೊಂಡ ಆಂಬಾಸಿಡರ್ ಕಾರು ಅವರು ತೀರಿಕೊಂಡ ಮೇಲೆ ಹನ್ನೊಂದು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಎಂಜಿನು ಬಿಗಿದುಹೋಗಿತ್ತು. 1990ರ ದಶಕದಲ್ಲಿ ಆಂಬಾಸಿಡರಿಗೆ ಬಂದ 1817 ಸಿಸಿ ಇಸುಜು ಎಂಜಿನನ್ನು ಕೂಡಿಸೋಣವೆಂದು ಮಗ ಹೇಳಿದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಅವ್ವನಿಗೆ ಈಗ ಎಂಬತ್ತಾರು, ಕಣ್ಣು ಮಂಜಾಗಿದೆ. ಕಾರು ಕೆರೆಯ ಏರಿಯ ಮೇಲಿರುವಾಗಲೇ ಅದರ ಸದ್ದನ್ನು ಗುರುತಿಸಿ, ಒಲೆಯ ಮೇಲೆ ಹಂಚಿಡುತ್ತಿದ್ದವಳು ಅವಳು. ಎಂಜಿನ್ ಸಂಖ್ಯೆ ಬದಲಾದರೆ ಆರ್‌ಟಿಒ ಕಚೇರಿಗೆ ಅಲೆಯಬೇಕಾದೀತೆಂದು ನಾನು ಹೇಳಿದ್ದು ಬರಿಯ ನೆಪ.

ಹಳೆಯದೇ ಉಳಿಯಿತು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸರಣಿಯ 1489 ಸಿಸಿ ಎಂಜಿನು ಅದು, ಸಂಪೀಡನಾನುಪಾತ 7.2. ಇಂಗ್ಲೆಂಡಿನಲ್ಲಿ ಇದೇ ಎಂಜಿನು 8.3ರ ಅನುಪಾತದಲ್ಲಿಯೂ ತಯಾರಾಗುತ್ತಿತ್ತು. ಮಗ ಈಗ ಅದನ್ನು ಹಿಡಿದ: ಅಂದಿನ ಪೆಟ್ರೋಲು ಕೀಳು ದರ್ಜೆಯದು, ಹೆಚ್ಚು ಒತ್ತಿದರೆ ಕಿಡಿಯ ಜ್ವಾಲೆ ತಲಪುವ ಮೊದಲೇ ತಾನಾಗಿ ಹೊತ್ತಿ ಕುಟ್ಟುತ್ತಿತ್ತು, ಇಂದು ಸಾಮಾನ್ಯ ಪೆಟ್ರೋಲಿನ ಆಕ್ಟೇನೇ ಅಂದಿಗಿಂತ ಹೆಚ್ಚು.

ಪಿಸ್ಟನ್ ಕೆಳಗಿರುವಾಗಿನ ಒಟ್ಟು ಎಡೆಗೂ ಅದು ಮೇಲೇರಿದಾಗ ಉಳಿಯುವ ಎಡೆಗೂ ಇರುವ ಪ್ರಮಾಣವೇ ಈ ಅನುಪಾತ. ಲೆಕ್ಕವೆಂದರೆ ಲೆಕ್ಕ ಎಂದುಕೊಂಡು, ಶಾಲೆಯ ಬ್ಯೂರೆಟ್ಟನ್ನು ಕೇಳಿ ತಂದೆ. ಸಿಲಿಂಡರ್ ಹೆಡ್ಡನ್ನು ಮಗುಚಿ, ರಂಧ್ರವಿರುವ ಗಾಜಿನ ತಗಡು ಮುಚ್ಚಿ, ಸೀಮೆಎಣ್ಣೆ ತುಂಬಿದೆ. 43 ಸಿಸಿ ಹಿಡಿಯಿತು. ಒಂದು ಸಿಲಿಂಡರಿನ ಪಾಲು 372. ಕೂಡಿಸಿ ಭಾಗಿಸಿದರೆ 9.6! ಕಾರ್ಖಾನೆಯವರೇ ತಪ್ಪಿದ್ದಾರೆಂದು ಗ್ಯಾರೇಜಿನಲ್ಲಿ ಎಲ್ಲರೆದುರು ಸಾರಿದೆ.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, "ಮಾಸ್ತರ್ರ, ಪಿಸ್ಟನ್ ತಲಿಮ್ಯಾಲಿನ ತಗ್ಗು ಬಿಟ್ರೆಲ್ಲಾ? ಗ್ಯಾಸ್ಕೆಟ್ ದಪ್ಪ ಯಾರ ಲೆಕ್ಕಕ್ಕ ಹಚ್ಚೀರಿ?" ಎಂದ. ತಗ್ಗು, ಗ್ಯಾಸ್ಕೆಟ್ಟು, ಬ್ಲಾಕಿನ ಅಂಚಿಗೂ ಪಿಸ್ಟನ್ನಿಗೂ ನಡುವಿನ ಎಡೆ, ಇವೆಲ್ಲ ಕೂಡಿ 60 ಸಿಸಿ ಆಯಿತು. ಅನುಪಾತ ಸರಿಯಾಗಿ 7.2ಕ್ಕೆ ಇಳಿದು ಕುಳಿತಿತು. ಲಘು ಗುರುಗಳನ್ನು ಎಣಿಸುವಾಗ ಮಕ್ಕಳು ಅನುಸ್ವಾರವನ್ನು ಮರೆತರೆ ಕಿವಿ ಹಿಂಡುವವನು ನಾನು.

ಇನ್ನುಳಿದದ್ದು ಬೇಗನೆ ಮುಗಿಯಿತು. ಸವೆದ ಸಿಲಿಂಡರುಗಳ ಬೋರು ಒಂದು ಮಿಲಿಮೀಟರಿನಷ್ಟು ಹಿಗ್ಗಿದಾಗ ಒಂದೊಂದಕ್ಕೂ ಹತ್ತು ಸಿಸಿ ಹೆಚ್ಚಿ, ಅನುಪಾತ ತಾನಾಗಿಯೇ 7.4ರ ಹತ್ತಿರಕ್ಕೆ ಬಂತು. ಸೀಸ ಬೆರೆತ ಪೆಟ್ರೋಲು 2000ದಲ್ಲಿ ದೇಶದಿಂದ ಮರೆಯಾದ ಕಾರಣ, ಎಕ್ಸಾಸ್ಟ್ ವಾಲ್ವುಗಳ ಕೆಳಗೆ ಗಟ್ಟಿ ಲೋಹದ ಬಳೆಗಳನ್ನು ಕೂಡಿಸಿದರು. ತಗ್ಗಿಲ್ಲದ ಪಿಸ್ಟನ್ ಹಾಕಿ 8.3ಕ್ಕೆ ಏರಿಸಬಹುದಿತ್ತು, ಪೆಟ್ರೋಲು ಅದನ್ನು ತಾಳುತ್ತಿತ್ತು. ಆದರೆ ಮೂರೇ ಬೇರಿಂಗುಗಳ ಮೇಲೆ ತಿರುಗುವ ಕ್ರ್ಯಾಂಕು ಆಗಲೇ ಎರಡು ಸಲ ಅರೆಸಿಕೊಂಡಿತ್ತು. ಅದರ ಮೇಲೆ ಇನ್ನೂ ಭಾರ ಹೊರಿಸಲು ನನಗೆ ಮನಸ್ಸು ಬರಲಿಲ್ಲ. ಮಗ ಇಂದಿಗೂ ಒಪ್ಪಿಲ್ಲ. ಏರು ಬಂದಾಗಲೆಲ್ಲ ನನ್ನ ಕಡೆ ನೋಡುತ್ತಾನೆ.

ಕಾರು ಮೊದಲ ದಿನ ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲಿದ್ದಳು. "ಸೈಲೆನ್ಸರ್ ಬ್ಯಾರೆ ಹಾಕ್ಸೀರೇನು?" ಎಂದು ಕೇಳಿದಳು. ಹಾಕಿಸಿದ್ದೆವು.

ಬ್ಯೂರೆಟ್ಟನ್ನು ತೊಳೆದು ಹಿಂತಿರುಗಿಸಿದೆ. ರಸಾಯನಶಾಸ್ತ್ರದ ಉಪಾಧ್ಯಾಯರು ಮೂಸಿ ನೋಡಿ, ಇನ್ನೊಮ್ಮೆ ತೊಳೆದು ತರಲು ಹೇಳಿದರು.