ಎಂಬತ್ತರ ಗಡಿ

ಕೋಡ್ ಬರೆಯುವ ತಂಡಗಳಲ್ಲಿ ದೊಡ್ಡ ನಿರ್ಧಾರಗಳು ಸುಲಭವಾಗಿ ಮುಗಿದುಹೋಗುತ್ತವೆ. ಸಾಲಿನ ಮುಂದೆ ಎಷ್ಟು ಜಾಗ ಬಿಡಬೇಕು, ಅದನ್ನು ಟ್ಯಾಬ್‌ನಿಂದ ಬಿಡಬೇಕೋ ಸ್ಪೇಸ್‌ನಿಂದಲೋ, ಸಾಲು ಎಲ್ಲಿ ಮುರಿಯಬೇಕು ಎಂಬಲ್ಲಿ ಮಾತ್ರ ಜಗಳ ಹತ್ತುತ್ತದೆ. ಬಹುತೇಕ ಭಾಷೆಗಳಲ್ಲಿ ಯಂತ್ರಕ್ಕೆ ಇದು ಲೆಕ್ಕಕ್ಕೇ ಇಲ್ಲ. ಲೆಕ್ಕವಿರುವುದು ಓದುವವರಿಗೆ.

80 ಅಕ್ಷರಗಳ ಗಡಿಯ ಬೇರು ಕಾಗದದಲ್ಲಿದೆ. ಐಬಿಎಂ 1928ರಲ್ಲಿ ತಂದ ಪಂಚ್ ಕಾರ್ಡಿನಲ್ಲಿ 80 ಕಾಲಂಗಳಿದ್ದವು. ಕಾರ್ಡು ಹೋಯಿತು, ಅಗಲ ಟರ್ಮಿನಲ್‌ಗಳಿಗೆ ಬಂತು. 1978ರ ವಿಟಿ100ರ ಪರದೆಯಲ್ಲೂ ಸಾಮಾನ್ಯವಾಗಿ 80 ಕಾಲಂ. ಟರ್ಮಿನಲ್ ಕೂಡ ಹೋಯಿತು, ಅಗಲ ನಿಯಮವಾಗಿ ಉಳಿಯಿತು. ಪೈಥಾನಿನ ಪೆಪ್ 8 ಈಗಲೂ 79 ಎನ್ನುತ್ತದೆ, ತಂಡ ಒಪ್ಪಿದರೆ 99ರವರೆಗೆ ಬಿಡುತ್ತದೆ. ಲಿನಕ್ಸ್ ಕರ್ನಲ್‌ನ ತಪಾಸಣೆ ಸ್ಕ್ರಿಪ್ಟ್ 2020ರಲ್ಲಿ ಎಚ್ಚರಿಕೆಯ ಗಡಿಯನ್ನು 100ಕ್ಕೆ ಏರಿಸಿತು. ಕೈಪಿಡಿ ಮಾತ್ರ 80ರ ಕಡೆಗೇ ಒಲವು ಇಟ್ಟುಕೊಂಡಿದೆ.

ಅದೇ ಕರ್ನಲ್‌ನಲ್ಲಿ ಟ್ಯಾಬ್ ಎಂದರೆ ಎಂಟು ಜಾಗ. ಒಂದರೊಳಗೊಂದು ಷರತ್ತು ಸೇರಿಸುತ್ತ ಹೋದವರ ಕೋಡ್ ಬೇಗ ಬಲಕ್ಕೆ ಸರಿದು ಕಣ್ಣಿಗೆ ಹೊಡೆಯಲಿ ಎಂಬುದೇ ಉದ್ದೇಶ. ಮೂರು ಹಂತ ಮೀರಿದರೆ ಅಗಲವನ್ನಲ್ಲ, ಪ್ರೋಗ್ರಾಮನ್ನೇ ಸರಿಪಡಿಸಬೇಕು ಎಂಬುದು ಅಲ್ಲಿನ ನಿಲುವು.

ಕನ್ನಡಕ್ಕೆ ಬಂದರೆ ಎಣಿಕೆಯೇ ಗೋಜಲು. ‘ಕನ್ನಡ’ ಎಂಬಲ್ಲಿ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಸಂಕೇತಗಳು ಐದು: ಎರಡು ‘ನ’, ನಡುವೆ ಒಂದು ವಿರಾಮ. ಯುಟಿಎಫ್-8ರಲ್ಲಿ 15 ಬೈಟ್. ಸಂಕೇತ ಎಣಿಸುವ ಉಪಕರಣಕ್ಕೆ ಕನ್ನಡದ ಟಿಪ್ಪಣಿ ಕಾಣುವುದಕ್ಕಿಂತ ಉದ್ದ. ಒಂದು ಅಕ್ಷರಕ್ಕೆ ಒಂದು ಕಾಲಂ ಎಂಬ ನಿಯಮ ಇಂಗ್ಲಿಷ್ ಲಿಪಿಯ ಅಳತೆಗೆ ಹೊಲಿದ ಅಂಗಿ.

ಟ್ಯಾಬ್‌–ಸ್ಪೇಸ್ ವಾದದಲ್ಲಿ ಒಂದು ಮಾತು ಬರೀ ಅಭಿರುಚಿಯದ್ದಲ್ಲ. ಸ್ಪೇಸ್ ಹಾಕಿದರೆ ಎಲ್ಲರ ಪರದೆಯಲ್ಲೂ ಒಂದೇ ಜೋಡಣೆ. ಟ್ಯಾಬ್ ಹಾಕಿದರೆ ಅಗಲ ಓದುವವರ ಕೈಯಲ್ಲಿ. ತಂಡದಲ್ಲಿ ದೃಷ್ಟಿ ಮಂದವಿದ್ದು ಅಕ್ಷರವನ್ನು ತುಂಬ ದೊಡ್ಡದು ಮಾಡಿಕೊಂಡು ಓದುವವರಿದ್ದರೆ, ನಾಲ್ಕು ಸ್ಪೇಸ್‌ಗಳ ಮೂರು ಹಂತಕ್ಕೇ ಸಾಲು ಪರದೆಯಾಚೆ ಹೋಗುತ್ತದೆ. ಟ್ಯಾಬ್ ಆದರೆ ಅವರು ತಮ್ಮ ಎಡಿಟರ್‌ನಲ್ಲಿ ಎರಡಕ್ಕೋ ಒಂದಕ್ಕೋ ಇಳಿಸಿಕೊಳ್ಳಬಹುದು; ಉಳಿದವರಿಗೆ ಏನೂ ಬದಲಾಗದು.

ನಡುದಾರಿಯಲ್ಲಿ ನಿಯಮ ಬದಲಿಸುವುದಕ್ಕೂ ಬೆಲೆಯಿದೆ. ಸಾವಿರಾರು ಸಾಲುಗಳನ್ನು ಒಂದೇ ದಿನ ಮರುಜೋಡಿಸಿದರೆ, ಈ ಸಾಲನ್ನು ಯಾರು ಬರೆದರು ಎಂದು ಗಿಟ್ ಅನ್ನು ಕೇಳಿದಾಗ ಜೋಡಿಸಿದವರ ಹೆಸರೇ ಬರುತ್ತದೆ. 2019ರಿಂದ ಅಂಥ ಕಮಿಟ್‌ಗಳನ್ನು ಲೆಕ್ಕದಿಂದ ಬಿಡಲು ಗಿಟ್‌ನಲ್ಲೇ ದಾರಿಯಿದೆ. ಆದರೆ ಅದನ್ನು ಯಾರಾದರೂ ನೆನಪಿಟ್ಟು ಬರೆದಿಡಬೇಕು.

ಗೋ ಭಾಷೆಯವರು ಜಗಳವನ್ನೇ ಯಂತ್ರಕ್ಕೆ ಒಪ್ಪಿಸಿಬಿಟ್ಟರು: ಒಂದೇ ಉಪಕರಣ, ಟ್ಯಾಬ್, ಉದ್ದಕ್ಕೆ ಮಿತಿಯಿಲ್ಲ. ಎಲ್ಲ ತಂಡಕ್ಕೂ ಆ ಭಾಗ್ಯವಿಲ್ಲ. ಉಳಿದವರು ಮತ ಹಾಕುವ ಮುಂಚೆ, ಈ ಕೋಡನ್ನು ನಮ್ಮಲ್ಲಿ ಯಾರು ಯಾವ ಪರದೆಯಲ್ಲಿ ಹೇಗೆ ಓದುತ್ತಾರೆ ಎಂದು ಒಮ್ಮೆ ವಿಚಾರಿಸಿದರೆ ಅರ್ಧ ವಾದ ಅಲ್ಲೇ ತೀರುತ್ತದೆ.