ಕೊನೆ ಹಿಡಿಯುವ ಆಟ

ಪಾರ್ಶ್ವವಾಯು ಬಡಿದವರಿಗೆ, ಬಿದ್ದು ಭುಜ-ಬೆನ್ನು ನೋಯಿಸಿಕೊಂಡವರಿಗೆ ವ್ಯಾಯಾಮ ಮಾಡಿಸುವ ವಿಡಿಯೊ ಗೇಮ್‌ಗಳಲ್ಲಿ ಆಡುವವರ ಮೈಯೇ ಗುಂಡಿ, ಮೈಯೇ ಕೀಲಿ. ಇವನ್ನು ಕಟ್ಟುವವರಿಗೆ ಚಿತ್ರ, ಸಂಗೀತಕ್ಕಿಂತ ರುಚಿಸುವ ಕೆಲಸ ಹದ ಕೂಡಿಸುವುದು.

2006ರಲ್ಲಿ ನಿಂಟೆಂಡೊ ಕಂಪನಿಯ 'ವೀ' ಗೇಮ್ ಯಂತ್ರ ಬಂದದ್ದು ಮನೆಮಂದಿಯ ಮೋಜಿಗೆ. ಫಿಸಿಯೋಥೆರಪಿ ವಿಭಾಗಗಳೂ ಅದನ್ನು ಬಳಸಿಕೊಂಡವು; ಆದರೆ ಗಟ್ಟಿಮುಟ್ಟಾದವರ ಆಟದ ವೇಗ ರೋಗಿಗೆ ಹೆಚ್ಚಾಗುತ್ತಿತ್ತು. 2010ರ ಕಿನೆಕ್ಟ್ ಕ್ಯಾಮೆರಾ ಕೈಗೆ ಏನನ್ನೂ ಕೊಡದೆ ಮೈಯ 20 ಬಿಂದುಗಳನ್ನು ಗುರುತಿಸಿತು. ಈಗ ಮೀಡಿಯಾಪೈಪ್ ತಂತ್ರಾಂಶ ಮೊಬೈಲ್ ಕ್ಯಾಮೆರಾದಿಂದಲೇ 33 ಬಿಂದುಗಳನ್ನು ಹುಡುಕುತ್ತದೆ. ಮನೆಯ ಜಗಲಿಯೇ ಸಾಕು.

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಜಗಲಿಗೆ ಎಂಥ ಆಟ ಒಪ್ಪೀತು? ಅಡಿಕೆ ಸೀಮೆಯವರಿಗೆ ಮರದಿಂದ ನೇಣಿನಲ್ಲಿ ಜಾರಿ ಬರುವ ಕೊನೆಯನ್ನು, ಅಂದರೆ ಅಡಿಕೆ ಗೊನೆಯನ್ನು, ಹಿಡಿಯುವ ಆಟ ವಿವರಿಸದೆಯೇ ಅರ್ಥವಾಗುತ್ತದೆ. (ಮರದಿಂದ ಬಿದ್ದವರಿಗೆ ಮತ್ತೆ ಮರವನ್ನೇ ತೋರಿಸುವುದೇ ಎಂಬ ಅಳುಕು ನ್ಯಾಯವಾದದ್ದು, ಅವರನ್ನೇ ಕೇಳಬೇಕು.) ಭುಜ, ಮೊಣಕೈ, ಮಣಿಕಟ್ಟು ಎಂಬ ಮೂರು ಬಿಂದುಗಳಿಂದ ಮೊಣಕೈಯ ಕೋನ ಸಿಗುತ್ತದೆ. ಮೊದಲು ಕೈ ಎಲ್ಲಿಯವರೆಗೆ ಚಾಚುತ್ತದೆಂದು ಅಳೆದುಕೊಂಡು, ಅದಕ್ಕಿಂತ ಒಂದಿಷ್ಟೇ ಆಚೆ ಕೊನೆಯನ್ನು ಇಳಿಸಬೇಕು.

ಇಲ್ಲೇ ಮೈ ಮೋಸ ಮಾಡುತ್ತದೆ. ಮೊಣಕೈ ಬಿಡಿಸಲಾಗದವರು ತಮಗರಿವಿಲ್ಲದೆ ಸೊಂಟದಿಂದಲೇ ಮುಂದಕ್ಕೆ ಬಾಗುತ್ತಾರೆ. ಕೈ ಕೊನೆಯನ್ನು ಮುಟ್ಟುತ್ತದೆ, ಅಂಕ ಏರುತ್ತದೆ, ಮೊಣಕೈಗೆ ಮಾತ್ರ ಕೆಲಸವೇ ಇಲ್ಲ. ಆದ್ದರಿಂದ ಮುಂಡದ ಬಾಗನ್ನೂ ಅಳೆದು, ಮಿತಿ ಮೀರಿದರೆ ಕೊನೆ ಕೈತಪ್ಪುವಂತೆ ಮಾಡಬೇಕು. ತೀರಾ ಬಿಗಿ ಮಾಡಿದರೆ ಆಡುವವರು ಬೇಸತ್ತು ಮೊಬೈಲ್ ಪಕ್ಕಕ್ಕಿಡುತ್ತಾರೆ. ಕ್ಯಾಮೆರಾ ಕೊಡುವ ಬಿಂದುಗಳಂತೂ ಸದಾ ನಡುಗುತ್ತವೆ. ನಡುಕ ತೆಗೆಯಲು ಹಿಂದಿನ ಕ್ಷಣಗಳ ಸರಾಸರಿ ಹಿಡಿದರೆ ತೆರೆಯ ಮೇಲಿನ ಕೈ ಹಿಂದೆ ಬೀಳುತ್ತದೆ. ಈ ನಡುಕಕ್ಕೂ ತಡಕ್ಕೂ ನಡುವೆ ಅಂಕಿ ಕೂಡಿಸುತ್ತ, ಕಳೆಯುತ್ತ ಕೂರುವುದರಲ್ಲೇ ಈ ಕಸುಬಿನ ಸುಖ.

ಮಲೆನಾಡಿನ ತೊಡಕುಗಳೇ ಬೇರೆ. ಮಳೆಗಾಲದ ಮಬ್ಬಿನಲ್ಲಿ ಕ್ಯಾಮೆರಾ ತಡವರಿಸುತ್ತದೆ. ಸೀರೆ, ಪಂಚೆ ಮೊಣಕಾಲನ್ನು ಮುಚ್ಚುತ್ತವೆ. ಹಾಗಾಗಿ ಕುಳಿತು ಆಡುವ ತೋಳಿನ ಆಟವೇ ವಾಸಿ. ನೆಟ್‌ವರ್ಕ್ ಇಲ್ಲದೆಯೂ ಅದು ನಡೆಯಬೇಕು.

ಇಂಥ ಆಟಗಳಿಂದ ಆಗುವ ಲಾಭವನ್ನು ಹಿಗ್ಗಿಸಿ ಹೇಳುವವರಿದ್ದಾರೆ. 2016ರಲ್ಲಿ 'ಲ್ಯಾನ್ಸೆಟ್ ನ್ಯೂರಾಲಜಿ' ಪತ್ರಿಕೆಯಲ್ಲಿ ಬಂದ, 141 ಪಾರ್ಶ್ವವಾಯು ರೋಗಿಗಳ ಪರೀಕ್ಷೆಯಲ್ಲಿ 'ವೀ' ಆಡಿದವರಿಗಿಂತ ಇಸ್ಪೀಟು, ಬಿಂಗೊ ಆಡಿದವರು ಹಿಂದೆ ಬೀಳಲಿಲ್ಲ. ಹಾಗಾದರೆ ಗುಳಿಯಿಂದ ಕಾಳು ಹೆಕ್ಕಿ ಒಂದೊಂದಾಗಿ ಬಿಡುವ ಚೆನ್ನೆಮಣೆಯನ್ನೂ ಅಟ್ಟಕ್ಕೇರಿಸಬೇಕಿಲ್ಲ. ಹಲವು ಪರೀಕ್ಷೆಗಳನ್ನು ಒಟ್ಟಿಗೆ ತೂಗಿದ 2017ರ ಕಾಕ್ರೇನ್ ಪರಾಮರ್ಶೆಯ ಪ್ರಕಾರ ತೋಳಿನ ಮಟ್ಟಿಗೆ ಈ ಬಗೆಯ ಆಟಗಳು ಮಾಮೂಲಿ ಚಿಕಿತ್ಸೆಗಿಂತ ಮೇಲಲ್ಲ. ಅದರ ಜೊತೆಗೆ ಸೇರಿ ಅಭ್ಯಾಸದ ಹೊತ್ತನ್ನು ಹೆಚ್ಚಿಸಿದಾಗ ಉಪಯೋಗಕ್ಕೆ ಬರುತ್ತವೆ. ಶಿವಮೊಗ್ಗದ್ದೋ ಮಣಿಪಾಲದ್ದೋ ಆಸ್ಪತ್ರೆಗೆ ಹೋಗಿ ಬರುವ ಎರಡು ಭೇಟಿಗಳ ನಡುವಿನ ದಿನಗಳು ಇದಕ್ಕೆ ಸಲ್ಲುತ್ತವೆ. ಎಷ್ಟು ಹೊತ್ತು ಆಡಿದರು, ಮೊಣಕೈ ಎಷ್ಟು ನೆಟ್ಟಗಾಯಿತು ಎಂಬ ಲೆಕ್ಕ ಮೊಬೈಲಿನಲ್ಲೇ ಉಳಿದಿದ್ದರೆ ಫಿಸಿಯೋಥೆರಪಿಸ್ಟ್ ಮುಂದಿನ ವ್ಯಾಯಾಮವನ್ನು ಅದನ್ನು ನೋಡಿಯೇ ಗೊತ್ತುಮಾಡಬಹುದು.