ಹಾಡು ಚೆನ್ನಾಗಿದೆ, ಹೆಸರಿನ ಕತೆ ಕೇಳಿ

'ನೀಡ್ ಯೂ ನೌ' ಅನ್ನೋ ಇಂಗ್ಲಿಷ್ ಹಾಡು ನನಗೆ ಬಹಳ ಇಷ್ಟ. ಆಫೀಸಿನ ಹುಡುಗನೊಬ್ಬ ವರ್ಷಗಳ ಹಿಂದೆ ಮೊಬೈಲಿಗೆ ಹಾಕಿಕೊಟ್ಟಿದ್ದ. ದೂರಾದ ಇಬ್ಬರು ಸರಿರಾತ್ರಿಯಲ್ಲಿ, ಕುಡಿದ ಮತ್ತಿನಲ್ಲಿ, ಒಬ್ಬರಿಗೊಬ್ಬರು ಫೋನ್ ಮಾಡೋಕೆ ಒದ್ದಾಡ್ತಾರೆ. ಇಂಗ್ಲಿಷ್ ಅರ್ಧಂಬರ್ಧ ಗೊತ್ತಿರೋ ನನಗೂ ಎದೆ ಹಿಂಡಿತ್ತು.

2009ರ ಹಾಡು. 2011ರಲ್ಲಿ ಗ್ರ್ಯಾಮಿಯ ವರ್ಷದ ಹಾಡು, ವರ್ಷದ ರೆಕಾರ್ಡ್ ಎರಡೂ ಇದಕ್ಕೇ ಬಂತು. ಹಾಡಿದ್ದು ಅಮೆರಿಕದ ಮೂವರು ಬಿಳಿಯರ ಕಂಟ್ರಿ ತಂಡ. ಕಂಟ್ರಿ ಅಂದ್ರೆ ಹಳ್ಳಿಗಾಡಿನ ಬಿಳಿಯರ ಸಂಗೀತ ಅಂತಲೇ ಎಲ್ಲರೂ ಅಂದುಕೊಳ್ಳೋದು. ಅದರಲ್ಲಿ ನುಡಿಸೋ ಬ್ಯಾಂಜೊ ಮಾತ್ರ ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ವಾದ್ಯ.

ತಂಡದ ಹೆಸರು ಲೇಡಿ ಆಂಟಿಬೆಲ್ಲಮ್. ಆಂಟಿಬೆಲ್ಲಮ್ ಅಂದ್ರೆ ಅಂತರ್ಯುದ್ಧಕ್ಕೆ ಮುಂಚಿನ ಕಾಲ. ಅಂದ್ರೆ 1861ಕ್ಕೂ ಮುಂಚಿನ ದಕ್ಷಿಣ: ಹತ್ತಿ ಹೊಲ, ದೊಡ್ಡ ಕಂಬಗಳ ಮನೆ, ಗುಲಾಮರು. ಅಂಥದೊಂದು ಮನೆಯಲ್ಲಿ ತಂಡದ ಮೊದಲ ಫೋಟೊ ತೆಗೆಸಿ ಅದೇ ಹೆಸರಿಟ್ಟುಕೊಂಡರಂತೆ. ನಾವೂ ತೊಟ್ಟಿಮನೆ ನೋಡಿ ಎಷ್ಟು ಚೆಂದ ಅಂತೀವಿ. ಅದರ ಕೊಟ್ಟಿಗೆಯಲ್ಲಿ ಜೀತಕ್ಕಿದ್ದವನ ಹೆಸರು ಯಾರು ಕೇಳ್ತಾರೆ?

2020ರ ಮೇ 25ರಂದು ಪೊಲೀಸರು ಜಾರ್ಜ್ ಫ್ಲಾಯ್ಡ್‌ನನ್ನು ಕೊಂದರು. ಜೂನ್ 11ಕ್ಕೆ ತಂಡ ಕ್ಷಮೆ ಕೇಳಿ, ಇನ್ಮೇಲೆ ನಾವು 'ಲೇಡಿ ಎ' ಅಂತು. ಒಳ್ಳೇದು ಅನ್ನೋಣ ಅಂದ್ರೆ, ಸಿಯಾಟಲ್‌ನ ಕಪ್ಪು ಗಾಯಕಿ ಅನಿತಾ ವೈಟ್ ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಅದೇ ಹೆಸರಲ್ಲಿ ಬ್ಲೂಸ್ ಹಾಡ್ತಿದ್ದರು! ಅವರನ್ನು ಒಂದು ಮಾತು ಕೇಳಿರಲಿಲ್ಲ. ಆಮೇಲೆ ಮಾತುಕತೆ ಆಯ್ತು, ಮುರೀತು. ಅನಿತಾ 1 ಕೋಟಿ ಡಾಲರ್ ಕೇಳಿದರು, ಅದರಲ್ಲಿ ಅರ್ಧ ಸಮಾಜದ ಕೆಲಸಕ್ಕೆ ಅಂದರು. ಜುಲೈನಲ್ಲಿ ತಂಡವೇ ಕೋರ್ಟಿಗೆ ಹೋಯ್ತು: ಈ ಹೆಸರಿನ ಟ್ರೇಡ್‌ಮಾರ್ಕ್ ನಮ್ಮ ಹತ್ತಿರ ಇದೆ, ಬಳಸೋ ಹಕ್ಕು ನಮಗಿದೆ ಅಂತ. ಅನಿತಾ ಕೂಡ ದಾವೆ ಹಾಕಿದರು. 2022ರಲ್ಲಿ ರಾಜಿ ಆಯ್ತು. ಷರತ್ತು ಹೊರಗೆ ಬರಲಿಲ್ಲ.

ಅದೇ ಜೂನ್‌ನಲ್ಲಿ ಇನ್ನೊಂದು ಕಂಟ್ರಿ ತಂಡ ಡಿಕ್ಸಿ ಚಿಕ್ಸ್ ತನ್ನ ಹೆಸರಿಂದ 'ಡಿಕ್ಸಿ' ಕಿತ್ತುಹಾಕ್ತು. 'ದಿ ಚಿಕ್ಸ್' ಅಂತ ನ್ಯೂಜಿಲೆಂಡಲ್ಲಿ ಹಳೆಯ ತಂಡ ಇತ್ತು. ಅವರ ಒಪ್ಪಿಗೆ ಪಡೆದು, ಥ್ಯಾಂಕ್ಸ್ ಹೇಳಿ, ಹೆಸರಿಟ್ಟುಕೊಂಡರು. ಕೇಳಬೇಕು ಅನ್ನೋದು ಅವರಿಗೆ ಹೊಳೀತು.

ನನಗೆ ಇದು ಯಾಕೆ ಇಷ್ಟು ಚುಚ್ಚುತ್ತೆ ಅಂದ್ರೆ, ನಮ್ಮಪ್ಪನ ಹೆಸರು ಸಿದ್ದಯ್ಯ. ಶಾಲೆ ದಾಖಲಾತಿಯಲ್ಲಿ ಮೇಷ್ಟ್ರು ಬರೆದದ್ದು 'ಸಿದ್ದ'. 'ನಿಮ್ಮ ಕೇರಿಗೆ ಅಯ್ಯ ಯಾಕ್ಲಾ' ಅಂದರಂತೆ. ಆ ಎರಡಕ್ಷರಕ್ಕಾಗಿ ಅಫಿಡವಿಟ್, ಪೇಪರ್ ಪ್ರಕಟಣೆ, ನೋಟರಿ ಅಂತ ಅಲೆದೆ. ದಿನಾ ಬೇರೆಯವರ ಹೆಸರು ತಿದ್ದುಪಡಿ ಅರ್ಜಿ ನೋಡೋ ಗುಮಾಸ್ತ ನಾನು, ನಮ್ಮಪ್ಪನದನ್ನು ಅವರು ಬದುಕಿರೋವಾಗ ಮಾಡಿಸೋಕಾಗಲಿಲ್ಲ. ಮರಣ ಪತ್ರದಲ್ಲಿ ಮಾತ್ರ 'ಸಿದ್ದಯ್ಯ' ಅಂತ ಬರೆಸಿದೆ. ಪೂರ್ತಿ ಹೆಸರಿರೋ ಮೊದಲ ಸರ್ಕಾರಿ ಕಾಗದ ಅದು.

ಜಾತಿ ಹೆಸರು ಬಿಟ್ಟು ನಮ್ಮ ಸಭೆಗೆ ಬರೋ ಗೆಳೆಯರೇ, ಬನ್ನಿ, ನಿಜಕ್ಕೂ ಸಂತೋಷ. ಆದ್ರೆ ಬಿಟ್ಟಿದ್ದಕ್ಕೆ ಬಹುಮಾನ ಅಂತ ನಮ್ಮ ಮೈಕು, ನಮ್ಮ ನೋವು, ನಮ್ಮ ಹೆಸರು ಎತ್ಕೊಬೇಡಿ. ಮೊದಲು ಕೇಳಿ. ಕೆಲವು ಸಲ 'ಇಲ್ಲ' ಅಂತೀವಿ. ಅದನ್ನೂ ಕೇಳಿಸ್ಕೊಳ್ಳಿ.

ಹಾಡು ಈಗಲೂ ಫೋನಲ್ಲಿದೆ. ಅಳಿಸಿಲ್ಲ. ಈಗ ಅದರ ಪಕ್ಕದಲ್ಲಿ ಅನಿತಾ ವೈಟ್ ಹಾಡುಗಳೂ ಇವೆ.

ಜೈ ಭೀಮ್.